ಒಬ್ಬರಿಗೆ ಒಂದೇ ಗುಳಿಗೆ

ನಾನು ತಲೆಯಾಡಿಸುವ ರೀತಿಯಲ್ಲೇ ಏನೋ ದೋಷವಿದೆ ಎಂದು ನನಗೆ ಬಹಳ ದಿನಗಳಿಂದ ಅನುಮಾನ. ಹೂಂ ಎಂದು ಆಡಿಸಿದರೂ ಉಹೂಂ ಎಂದು ಆಡಿಸಿದರೂ ನೋಡುವವರಿಗೆ ಒಂದೇ ತೆರನಾಗಿ ಕಾಣುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಎಂದು ಕೇಳಿದವರು ನನ್ನ ತಲೆ ನೋಡಿ ಗೊಂದಲಕ್ಕೆ ಬಿದ್ದು, ಕೂರಲೂ ಆಗದೆ ಮುಂದೆ ಹೋಗಲೂ ಆಗದೆ ಕಂಬಿ ಹಿಡಿದು ನಿಂತುಬಿಡುತ್ತಾರೆ. ಬಾಯಿ ತೆರೆದು ಹೇಳಿದರೆ ಮುಗಿಯಿತು, ಗೊತ್ತು. ಆದರೆ ಮಾತು ಗಂಟಲವರೆಗೆ ಬಂದು, ಬಾಗಿಲಲ್ಲಿ ಅಪರಿಚಿತರನ್ನು ಕಂಡ ಮಗುವಿನಂತೆ ತಿರುಗಿ ಒಳಗೆ ಓಡುತ್ತದೆ. ಡೈರಿಯಲ್ಲಿ ಮಾತ್ರ ನಾನು ಭಾರೀ ಮಾತುಗಾತಿ.

ಇಷ್ಟು ದಿನ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಶರಣಬಸವ ಅವರನ್ನು ಕಂಡ ಮೇಲೆ ಈ ಸಣ್ಣ ಚಿಂತೆ ದೊಡ್ಡದಾಯಿತು.

ಕೊಪ್ಪಳದ ಹೊರಗೆ, ಹೊಸಪೇಟೆ ರಸ್ತೆಗೆ ಹತ್ತಿಕೊಂಡು ನಮ್ಮ ಔಷಧ ಪರೀಕ್ಷಾ ಕೇಂದ್ರವಿದೆ. ಹಳೆಯ ಔಷಧಿಯೊಂದನ್ನು ಬೇರೊಂದು ಕಂಪನಿ ತಾನೂ ತಯಾರಿಸಿದಾಗ, ಆ ಹೊಸ ಗುಳಿಗೆ ಮೊದಲಿನದರಷ್ಟೇ ರಕ್ತಕ್ಕೆ ಸೇರುತ್ತದೆಯೇ ಎಂದು ನೋಡಿ ಹೇಳುವುದು ನಮ್ಮ ಕೆಲಸ. ಎಷ್ಟು ಜನರ ಮೇಲೆ ನೋಡಬೇಕು, ಅವರನ್ನು ಹೇಗೆ ಗುಂಪು ಮಾಡಬೇಕು, ಕೊನೆಗೆ ಬಂದ ಅಂಕಿಗಳು ಏನು ಹೇಳುತ್ತವೆ ಎಂಬುದು ನನ್ನ ಪಾಲಿನದು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವಳಿಗೆ ಸಿಕ್ಕ ಮೊದಲ ನೌಕರಿ.

ಕಟ್ಟಡ ಹಿಂದೆ ಕಲ್ಯಾಣ ಮಂಟಪವಾಗಿತ್ತು. ಊಟದ ಹಾಲ್‌ನಲ್ಲಿ ಈಗ ಮಂಚಗಳ ಸಾಲು, ಅಡುಗೆಮನೆಯಲ್ಲಿ ರಕ್ತದ ಮಾದರಿ ಇಡುವ ಫ್ರೀಜರ್. ಆದರೆ ಬಾಗಿಲುಗಳ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳನ್ನು ಯಾರೂ ಅಳಿಸಿಲ್ಲ. ನನ್ನ ಕಂಪ್ಯೂಟರ್ ಇರುವುದು 'ವಧುವಿನ ಕೋಣೆ'ಯಲ್ಲಿ. ಎದುರಿನ ಕೋಣೆಯಲ್ಲಿ ಔಷಧಿ ಇಡುತ್ತಾರೆ.

ಕೆಲಸಕ್ಕೆ ಸೇರಿದ ದಿನ ಗಡಿಬಿಡಿಯಲ್ಲಿ ಎದುರಿನ ಬಾಗಿಲನ್ನೇ ತಳ್ಳಿದೆ. ಒಳಗೆ ಬಿಳಿ ಕೋಟು ಹಾಕಿದ ಒಬ್ಬರು ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತಿದ್ದರು. ತಲೆ ಎತ್ತಿ, ಬಹಳ ಮರ್ಯಾದೆಯಿಂದ ಹೇಳಿದರು:

"ಇದು ವರನ ಕೋಣಿ ರೀ ಮೇಡಂ. ನಿಮ್ದು ಎದುರಿಗೆ ಐತಿ."

ಹೇಳಿಯಾದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಹೊಳೆಯಿತು. ಮುಖ ಗಂಭೀರವಾಗಿಯೇ ಇತ್ತು, ಕಿವಿಯ ತುದಿ ಮಾತ್ರ ನಿಧಾನಕ್ಕೆ ಕೆಂಪಾಯಿತು. ಆ ದಿನದ ಬಗ್ಗೆ ನನಗೆ ಬೇರೇನೂ ನೆನಪಿಲ್ಲ. ಆ ಕಿವಿಯೊಂದು ನೆನಪಿದೆ.

ಅವರೇ ಶರಣಬಸವ, ನಮ್ಮ ಫಾರ್ಮಸಿಸ್ಟ್. ಗಂಗಾವತಿಯವರು. ತಾಯಿ ಫಕೀರಮ್ಮ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತ ಮಗನನ್ನು ಓದಿಸಿದವರು. ಇದನ್ನೆಲ್ಲ ನಾನು ಕೇಳಿ ತಿಳಿದದ್ದಲ್ಲ. ಕೇಳುವ ಧೈರ್ಯ ಎಲ್ಲಿತ್ತು? ಅವರು ಬೇರೆಯವರಿಗೆ ಹೇಳುವಾಗ ಕೇಳಿಸಿಕೊಂಡದ್ದು.

ಬೇಸಿಗೆಯ ಮೊದಲಿಗೆ ಹೊಸ ಕೆಲಸವೊಂದು ಬಂತು. ಈ ಗುಳಿಗೆಯ ಸ್ವಭಾವವೇ ಬೇರೆ. ಒಮ್ಮೆ ನುಂಗಿದರೆ ತಿಂಗಳುಗಟ್ಟಲೆ ರಕ್ತ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಬಂದವರಲ್ಲಿ ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು ಕೊಟ್ಟು ನೋಡಬೇಕು ಎಂದು ಕೇಂದ್ರದ ಮುಖ್ಯಸ್ಥೆ ಗೀತಾ ಮೇಡಂ ಮೀಟಿಂಗಿನಲ್ಲಿ ವಿವರಿಸಿದರು. ಆಗ ಶರಣಬಸವ ಒಂದು ಪ್ರಶ್ನೆ ಎತ್ತಿದರು. ಹೋದ ಸಲ ಮಾಡಿದಂತೆ ಒಬ್ಬರಿಗೇ ಮೊದಲು ಒಂದು, ಆಮೇಲೆ ಇನ್ನೊಂದು ಕೊಟ್ಟು ನೋಡಿದರೆ ಕಡಿಮೆ ಜನ ಸಾಕಲ್ಲ?

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ.

ಅವರು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು. ಪಾಪ, ಎಷ್ಟು ನೋಡಿದರೂ ಆ ತಲೆಯಿಂದ ಉತ್ತರ ಹೊರಡುವಂತಿರಲಿಲ್ಲ.

ಸಂಜೆ ಗೇಟಿನ ಹೊರಗಿನ ಚಹಾದ ಗಾಡಿಯ ಹತ್ತಿರ ಬಂದು ಕೇಳಿದರು. ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಬಿಸಿ ಮಿರ್ಚಿ ಭಜಿ. ಒಂದನ್ನು ನನ್ನ ಕಡೆ ಚಾಚಿ, ಈಗಾದರೂ ತಿಳಿಸಿ ಹೇಳಿ, ತಲೆ ಕೆಟ್ಟಿದೆ ಎಂದರು. ಆ ಮಿರ್ಚಿಯೇ ನನಗೆ ದಾರಿ ತೋರಿಸಿತು. ಎರಡು ಗಾಡಿಯ ಮಿರ್ಚಿ ಒಂದೇ ಖಾರವೇ ಎಂದು ನೋಡಬೇಕಾದರೆ, ಒಬ್ಬರೇ ಇದನ್ನು ತಿಂದು, ನೀರು ಕುಡಿದು, ನಾಲಿಗೆ ತಣ್ಣಗಾದ ಮೇಲೆ ಅದನ್ನು ತಿನ್ನಬಹುದು. ನಾಲಿಗೆ ಒಂದೇ ಆದ್ದರಿಂದ ಕೆಲವೇ ಜನ ಸಾಕು ಎಂದೆ.

"ನಾಲಿಗಿ ತಣ್ಣಗಾಗಾಕ ಆರ್ ತಿಂಗಳು ಹಿಡದ್ರ?"

"ಅದ ಬಂದಿರೋದ್ರಿ ತ್ರಾಸು. ಆರ್ ತಿಂಗಳು ಯಾರ್ ಕಾಯ್ತಾರ? ನಡುವ ಮಂದಿ ಊರ ಬಿಟ್ಟು ಹೋಗ್ತಾರ, ಮೈ ಬದಲಾಗತೈತಿ. ಅದಕ ಒಬ್ಬರಿಗೆ ಒಂದ ಗುಳಿಗಿ. ಆದ್ರ ಎಲ್ಲಾರ ನಾಲಿಗಿ ಒಂದ ನಮೂನಿ ಇರಂಗಿಲ್ಲಲ್ರಿ. ಒಬ್ಬಾಕಿಗೆ ಖಾರ ಅನ್ನಿಸಿದ್ದು ಇನ್ನೊಬ್ಬಾಕಿಗೆ ಸಪ್ಪಗ. ಮಿರ್ಚಿಯೊಳಗಿನ ಫರಕು ಯಾವುದು, ನಾಲಿಗಿಯೊಳಗಿನ ಫರಕು ಯಾವುದು ಅಂತ ತಿಳಿಬೇಕಂದ್ರ ಭಾಳ ಮಂದಿ ಬೇಕ್ರಿ. ಯಾರಿಗೆ ಯಾವುದು ಅನ್ನೋದೂ ಚೀಟಿ ಎತ್ತಿದಂಗ ಆಗಬೇಕು. ನಾವ ಆರಿಸಿ ಕೊಡಬಾರದು."

ಹೇಳಿ ಮುಗಿಸಿದ ಮೇಲೆ, ಅಷ್ಟೊಂದು ಮಾತಾಡಿದ್ದು ನಾನೇ ಎಂದು ಗೊತ್ತಾಗಿ ನಾಚಿಕೆಯಾಯಿತು. ಅವರು ಮಿರ್ಚಿಯನ್ನು ಅರ್ಧಕ್ಕೆ ಕಚ್ಚಿ ಹಾಗೆಯೇ ಹಿಡಿದು ನಿಂತಿದ್ದರು. ಕಣ್ಣು ನನ್ನ ಮೇಲಿತ್ತು. ಗಾಡಿಯವನು ಚಿಲ್ಲರೆಗಾಗಿ ಚಾಚಿದ ಕೈ ಅವರಿಗೆ ಕಾಣಲೇ ಇಲ್ಲ.

"ಮೀಟಿಂಗಿನ್ಯಾಗ ಇದನ್ನ ಹೇಳಬೇಕಿತ್ತ್ರಿ," ಎಂದರು.

"ಅಲ್ಲೆ ಮಂದಿ ಇದ್ರು."

"ಹಂಗಾರ ನಾ ಮಂದಿ ಅಲ್ಲ?"

ನಾನು ತಲೆಯಾಡಿಸಿದೆ. ಅವರು ತಮಗೆ ಬೇಕಾದ ಅರ್ಥ ಮಾಡಿಕೊಂಡವರಂತೆ, ಮುಖವನ್ನು ರಸ್ತೆಯ ಕಡೆ ತಿರುಗಿಸಿ, ಒಬ್ಬರೇ ನಕ್ಕರು.

ಅಂದಿನಿಂದ ಸಂಜೆಯ ಚಹಾ ಇಬ್ಬರದಾಯಿತು. ನಾವು ದೊಡ್ಡ ಮಾತನ್ನೇನೂ ಆಡುತ್ತಿರಲಿಲ್ಲ. ಗಂಗಾವತಿಯ ಬಸ್ಸು ಇವತ್ತೂ ತಡ, ಹೇಮಗುಡ್ಡದ ದಾರಿಯಲ್ಲಿ ಈ ಸಲ ಮುತ್ತುಗದ ಹೂ ಜಾಸ್ತಿ, ಇಂಥವೇ. ಗುಳಿಗೆ ನುಂಗಲು ಬರುವ ಮುದುಕರ ನಾಲಿಗೆಯ ಕೆಳಗೆ ಟಾರ್ಚ್ ಹಾಕಿ ನೋಡುವಾಗ ಶರಣಬಸವ ಮೊದಲು ಮೊಮ್ಮಕ್ಕಳ ಹೆಸರು ಕೇಳುತ್ತಿದ್ದರಂತೆ. ಹೆಸರು ಹೇಳಲು ಬಾಯಿ ತೆರೆದರೆ ಗುಳಿಗೆ ನುಂಗಿದ್ದು ತಾನಾಗಿ ತಿಳಿಯುತ್ತದೆ, ಬಾಯಿ ಆ ಮಾಡು ಎಂದು ದೊಡ್ಡವರಿಗೆ ಹೇಳುವ ಸಂಕಟವಿಲ್ಲ.

ಒಂದು ಸಲ ಅವರು ಗ್ಲಾಸು ಕೊಡುವಾಗ ಬೆರಳು ತಾಕಿತು. ಚಹಾ ಬಿಸಿಯಾಗಿತ್ತು ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಅಷ್ಟರಲ್ಲಿ ಅಧ್ಯಯನದ ಯೋಜನೆ ಬಂತು. ಹೊರಗಿನ ತಜ್ಞರೊಬ್ಬರು ಬರೆದುಕೊಟ್ಟಿದ್ದರು. ಮೂವತ್ತು ಜನ ಸಾಕು ಎಂದಿತ್ತು. ನನಗೆ ಅದು ತೀರ ಕಡಿಮೆ ಅನ್ನಿಸಿ ಹಿಂದೆ ಹಿಂದೆ ಹುಡುಕುತ್ತ ಹೋದೆ. ತಪ್ಪು ಸಿಕ್ಕಿತು. ರಕ್ತಕ್ಕೆ ಸೇರುವ ಪ್ರಮಾಣ ಎಷ್ಟು ಏರಿಳಿಯುತ್ತದೆ ಎಂಬ ಅಂಕಿಯನ್ನು ಅವರು ಎತ್ತಿಕೊಂಡದ್ದು, ಒಬ್ಬರೇ ಎರಡೂ ಗುಳಿಗೆ ನುಂಗಿದ ಹಳೆಯ ಅಧ್ಯಯನವೊಂದರಿಂದ. ಅಲ್ಲಿ ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸುವುದರಿಂದ ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸ ಲೆಕ್ಕದಿಂದ ಕಳಚಿಹೋಗುತ್ತದೆ. ನಮ್ಮದರಲ್ಲಿ ಇರುವ ದೊಡ್ಡ ವ್ಯತ್ಯಾಸವೇ ಅದು. ಸರಿಯಾಗಿ ಹಾಕಿದರೆ ನೂರಕ್ಕೂ ಮೀರಿ ಜನ ಬೇಕಾಗುತ್ತಿತ್ತು.

ಮೀಟಿಂಗಿನಲ್ಲಿ ಗೀತಾ ಮೇಡಂ ಕೊನೆಯ ಪುಟ ತಿರುವಿ ಕೇಳಿದರು. ಯಾರಾದರೂ ಏನಾದರೂ ಹೇಳುವುದಿದೆಯೇ? ಫ್ಯಾನಿನ ಸದ್ದು. ನನ್ನ ಪೆನ್ನು ಹಾಳೆಯ ಮೇಲೆ ಒಂದೇ ಕಡೆ ಒತ್ತಿ ನಿಂತಿತ್ತು.

"ಸುಮ್ನದೀರಿ ಅಂದ್ರ ಒಪ್ಪಿಗಿ ಅಂತ ತಗೋತೀನಿ," ಎಂದು ಮೇಡಂ ಫೈಲು ಮುಚ್ಚಿದರು.

ಎರಡು ಬಾಗಿಲುಗಳ ನಡುವಿನ ಓಣಿಯಂಥ ಜಾಗದಲ್ಲಿ ಶರಣಬಸವ ನನ್ನನ್ನು ತಡೆದರು.

"ನೀವೇನೋ ನುಂಗಿದ್ರಿ, ನಾ ನೋಡಿದೆ."

ಹೇಳಿದೆ. ಕೇಳುತ್ತ ಅವರ ಮುಖ ಇಳಿಯಿತು. ಹೀಗೇ ನಡೆದರೆ ಕೊನೆಗೆ ಏನಾಗುತ್ತದೆ ಎಂದರು. ಎರಡೂ ಒಂದೇ ಎಂದೂ ಹೇಳಲಾಗುವುದಿಲ್ಲ, ಬೇರೆ ಎಂದೂ ಹೇಳಲಾಗುವುದಿಲ್ಲ, ಅಷ್ಟು ಜನ ಗುಳಿಗೆ ನುಂಗಿ ವಾರಗಟ್ಟಲೆ ತೋಳು ಚಾಚಿ ರಕ್ತ ಕೊಟ್ಟದ್ದು ಸುಮ್ಮನೆ ಹೋಗುತ್ತದೆ ಎಂದೆ. ನೀವೇ ಮೇಡಂಗೆ ಹೇಳಿಬಿಡಿ ಎಂದು ಬೇಡಿಕೊಂಡೆ.

ಅವರು ಒಪ್ಪಲಿಲ್ಲ. ತಾವು ಹೇಳಿದರೆ ಅದು ಅರ್ಧಂಬರ್ಧ ಮಾತಾಗುತ್ತದೆ, ಮರುಪ್ರಶ್ನೆ ಬಂದರೆ ತಮ್ಮಲ್ಲಿ ಉತ್ತರವಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಸುಮ್ನಿದ್ದದ್ದನ್ನ ಒಪ್ಪಿಗಿ ಅಂತ ಹಿಡಿಯೋದು ನಿಮ್ಮ ಶಾಸ್ತ್ರದಾಗ ಐತೇನ್ರಿ?"

ಇಲ್ಲ. ನಮ್ಮ ಶಾಸ್ತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಎರಡು ಗುಳಿಗೆ ಬೇರೆಬೇರೆ ಎಂದೇ ಹಿಡಿದು ನಾವು ಶುರುಮಾಡುತ್ತೇವೆ. ವ್ಯತ್ಯಾಸ ಕಾಣಲಿಲ್ಲ ಎಂದ ಮಾತ್ರಕ್ಕೆ ಒಂದೇ ಎಂದು ಬರೆಯುವಂತಿಲ್ಲ. ಒಂದೇ ಎಂಬುದನ್ನು ಎದುರಿಟ್ಟು ತೋರಿಸಬೇಕು. ಇದನ್ನು ಹೇಳಿದಾಗ ಅವರು, ಮತ್ತೆ ನನ್ನನ್ನೇನು ಕೇಳುತ್ತೀರಿ ಎಂಬಂತೆ ಕೈ ಚೆಲ್ಲಿದರು.

ಅಂದೇ ಮೇಡಂಗೆ ಮೇಲ್ ಬರೆದೆ. ಮೇಡಂ ಬೈಯಲಿಲ್ಲ. ಕರೆದು ಇನ್ನೊಮ್ಮೆ ಲೆಕ್ಕ ಹಾಕಿಸಿದರು, ತಜ್ಞರೂ ಒಪ್ಪಿ ತಿದ್ದಿಕೊಟ್ಟರು. ಕೆಲಸ ಕೆಲವು ವಾರ ಮುಂದಕ್ಕೆ ಹೋಯಿತು, ಬೇಕಾದ ಜನ ನೂರು ದಾಟಿದರು. ತಿದ್ದಿದ ಯೋಜನೆ ಬಂದ ಸಂಜೆ ಶರಣಬಸವ ಅವರ ಮೆಸೇಜು: "ಛಲೋ ಮಾಡಿದ್ರಿ. ಆದ್ರ ನಿಮ್ಮ ಬಾಯಿಲೆ ಕೇಳೋ ಆಸಿ ಇತ್ತು."

ಅದನ್ನು ಎಷ್ಟು ಸಲ ಓದಿದೆನೆಂದು ಡೈರಿಗೂ ಹೇಳಲಿಲ್ಲ.

ಒಂದೆರಡು ತಿಂಗಳಾದ ಮೇಲೆ ಮನೆಗೆ ಹೆಣ್ಣು ನೋಡಲು ಮುನಿರಾಬಾದಿನವರು ಬಂದರು. ಹುಡುಗ ರುದ್ರೇಶ, ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್. ಒಂದಾದರೂ ತಪ್ಪು ಸಿಗಲಿ ಎಂದು ನಾನು ಹುಡುಕಿದೆ. ಸಿಗಲಿಲ್ಲ. ನೌಕರಿ ಬಿಡುವುದು ಬೇಡ ಎಂದು ತಾವಾಗಿಯೇ ಹೇಳಿದರು. ಅವ್ವ ತಂದ ನೀರಿನ ಲೋಟವನ್ನು ಎದ್ದು ನಿಂತು ತೆಗೆದುಕೊಂಡರು. ಓದು, ವಯಸ್ಸು, ಗುಣ, ಅಳೆಯಲು ಬರುವ ಯಾವುದನ್ನು ಅಳೆದರೂ ಅವರು, ಶರಣಬಸವ ಇಬ್ಬರೂ, ಎರಡು ಗುಳಿಗೆ ಒಂದೇ ಎನ್ನಲು ನಾವು ಎಳೆಯುವ ಗೆರೆಗಳ ಒಳಗೇ ಬೀಳುತ್ತಿದ್ದರು. ಹೊಲ, ಮನೆ ಎಂದು ಅಪ್ಪ ನೋಡುವ ಲೆಕ್ಕದಲ್ಲಿ ರುದ್ರೇಶ ಅವರೇ ಮುಂದು. ಆದರೆ ಗಾಡಿಯ ಹತ್ತಿರ ನನಗೆ ಬರುವ ಮಾತು ಅವರೆದುರು ಒಂದೂ ಬರಲಿಲ್ಲ. ಜೀವನವೂ ಒಬ್ಬರಿಗೆ ಒಂದೇ ಗುಳಿಗೆ ಕೊಡುತ್ತದೆ. ರಕ್ತ ತೊಳೆದುಕೊಂಡು ಇನ್ನೊಂದನ್ನು ನೋಡುತ್ತೇನೆ ಎನ್ನುವಂತಿಲ್ಲ. ಅದರಲ್ಲಿಯೂ ಚೀಟಿ ಎತ್ತುವವರು ಬೇರೆಯವರಾದರೆ?

ಅವರು ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ನನ್ನ ಗಲ್ಲ ಹಿಡಿದು, ಮನಸ್ಸಿಗೆ ಬಂದರೇನು ಎಂದು ಕೇಳಿದಳು. ನಾನು ತಲೆಯಾಡಿಸಿದೆ.

ಅವ್ವ ಹೊರಗೆ ಹೋಗಿ ಅಪ್ಪನಿಗೆ ಸಂತೋಷದಿಂದ ಹೇಳುವುದು ಕೇಳಿಸಿತು. ಅವ್ವನೂ ಹಾಗೆಯೇ ಒಪ್ಪಿದ್ದಳಂತೆ, ಅವಳ ಅಕ್ಕನೂ. ನಮ್ಮ ಮನೆಯ ಹೆಣ್ಣುಮಕ್ಕಳು ಮಾತಾಡಿ ಒಪ್ಪಿದ್ದೇ ಇಲ್ಲ. ಮುಂದಿನ ಸೋಮವಾರ ಸಂಬಂಧ ಗಟ್ಟಿ ಮಾಡಿ ಸಕ್ಕರೆ ಹಂಚುವುದು ಎಂದಾಯಿತು. ಸಕ್ಕರೆ ಹಂಚಿದ ಮೇಲೆ ನಮ್ಮಲ್ಲಿ ಹಿಂದೆ ಸರಿಯುವ ಮಾತಿಲ್ಲ.

ಕೇಂದ್ರದಲ್ಲಿ ತಂಡ ತಂಡವಾಗಿ ಗುಳಿಗೆ ಕೊಡುವುದು ಆಗಲೇ ಶುರುವಾಗಿತ್ತು. ಯಾರಿಗೆ ಯಾವುದು ಸಿಕ್ಕಿತೆಂದು ಲೆಕ್ಕ ಮುಗಿಯುವವರೆಗೆ ನನಗೆ ತಿಳಿಯಬಾರದು, ಆದ್ದರಿಂದ ಎದುರಿನ ಕೋಣೆಗೆ ನಾನು ಕಾಲಿಡುವಂತಿರಲಿಲ್ಲ. ಶರಣಬಸವ ಅವರೇ ಹೊಸ್ತಿಲವರೆಗೆ ಬಂದರು. ಸುದ್ದಿ ಅವರಿಗೆ ಮುಟ್ಟಿತ್ತು.

"ಮುನಿರಾಬಾದಿನ ಸಂಬಂಧ ಗಟ್ಟಿ ಆತಂತಲ್ರಿ."

ಇಲ್ಲ ಎನ್ನಬೇಕಿತ್ತು. ಎರಡು ಅಕ್ಷರ. ನಾನು ಅವರ ಕೋಟಿನ ಗುಂಡಿಯನ್ನು ನೋಡುತ್ತ ನಿಂತೆ. ಅವರು ಕಾದರು. ಆ ಕಾಯುವಿಕೆ ನನ್ನ ಮೈಗೆಲ್ಲ ತಾಕಿತು. ಆಮೇಲೆ ಛಲೋ ಆಯಿತು ಎಂದು ಮೆಲ್ಲಗೆ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸುಮ್ಮನಿದ್ದದ್ದು ಒಪ್ಪಿಗೆಯಲ್ಲ ಎಂದು ನನಗೆ ನೆನಪಿಸಿದವರೂ ಕೊನೆಗೆ ನನ್ನ ಮೌನವನ್ನು ಎಲ್ಲರಂತೆಯೇ ಓದಿದ್ದರು. ಅವರದೇನು ತಪ್ಪು? ಬೇರೆ ಓದಲು ನಾನು ಏನು ಕೊಟ್ಟಿದ್ದೆ?

ಮರುದಿನದಿಂದ ಚಹಾ ಒಬ್ಬಳದೇ. ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ, ಈ ಸಲದ ಕೊನೆಯ ತಂಡಕ್ಕೆ ಗುಳಿಗೆ ಕೊಟ್ಟು ಮುಗಿಸಿ ಬಿಡುತ್ತೇನೆ ಎಂದು ಅವರು ಹೇಳಿದ್ದನ್ನು ಗೀತಾ ಮೇಡಂ ನನಗೆ ತಿಳಿಸಿದರು. ತಾಯಿಗೆ ಹತ್ತಿರವಾಗುತ್ತದಂತೆ.

ಕೊನೆಯ ತಂಡದ ದಿನ ಬಂದದ್ದು ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು, ಮಂಚಗಳ ಮೇಲೆ ಜನ ಹರಟುತ್ತ ಮಲಗಿದ್ದರು. ಯಾರೋ ಬಂದು, ನಿಮ್ಮ ತಂದೆ ಬಂದಿದ್ದಾರೆ ಎಂದರು.

ಹೊರಗೆ ಬೇವಿನ ನೆರಳಿನ ಬೆಂಚಿನ ಮೇಲೆ ಅಪ್ಪ ಕೂತಿದ್ದ. ಮಗ್ಗುಲಲ್ಲಿ ಶರಣಬಸವ. ಬಿಸಿಲಲ್ಲಿ ನಿಂತಿದ್ದ ಹಿರಿಯರನ್ನು ಕಂಡು ತಾವೇ ಕರೆದು ಕೂರಿಸಿ ಚಹಾ ತರಿಸಿದ್ದರಂತೆ. ಅಪ್ಪನದು ಬೀಜ-ಗೊಬ್ಬರದ ಅಂಗಡಿ. ಹೊಸಬರು ಯಾರು ಸಿಕ್ಕರೂ ಮಾತು ಹೊಲಕ್ಕೇ ಹೋಗುತ್ತದೆ. ಇಬ್ಬರೂ ಗಂಗಾವತಿಯ ಭತ್ತದ ತಳಿಗಳ ಬಗ್ಗೆ ವಾದಕ್ಕೇ ಕೂತಿದ್ದರು. ಶರಣಬಸವ ಸೋಲುತ್ತಿದ್ದರು, ಬೇಕೆಂದೇ ಸೋಲುತ್ತಿದ್ದರೇನೋ. ಅಪ್ಪ ತೊಡೆ ತಟ್ಟಿ ನಗುತ್ತಿದ್ದ.

ನನ್ನನ್ನು ಕಂಡು ಅಪ್ಪ, ಸೋಮವಾರಕ್ಕೆ ನಿಮ್ಮ ಮೇಡಂಗೆ ಹೇಳಿ ಹೋಗೋಣವೆಂದು ಬಂದೆ ಎಂದ. ಮೇಡಂ ಕೆಲಸದಲ್ಲಿದ್ದಾರೆ, ಕಾಯಬೇಕು ಎಂದು ಶರಣಬಸವ ನನ್ನ ಕಡೆ ನೋಡದೆ ಹೇಳಿದರು.

"ನೀವೂ ಬರಬೇಕ್ರಿ," ಅಪ್ಪ ಅವರ ಮೊಣಕೈ ಹಿಡಿದ. "ನಮ್ಮ ಹುಡುಗಿಗೆ ಸಕ್ಕರಿ ಹಂಚತೀವಿ. ಬಾಯಿಲ್ಲದಾಕಿ ಇದು. ಏನ ಕೇಳಿದ್ರೂ ಸುಮ್ನ ಇರತೈತಿ, ನಾವ ತಿಳ್ಕೋಬೇಕು."

"ಬರ್ತೀನ್ರಿ," ಎಂದರು ಶರಣಬಸವ.

ಎದ್ದು, ಅಪ್ಪನ ಕೈಯಿಂದ ಖಾಲಿ ಗ್ಲಾಸು ತೆಗೆದು ತಮ್ಮದರ ಜೊತೆ ಹಿಡಿದರು. ನನ್ನನ್ನು ನೋಡಿದರು. ಆ ನೋಟದಲ್ಲಿ ದೂರಿರಲಿಲ್ಲ, ಕೇಳಿಕೆಯೂ ಇರಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ಊರನ್ನು ನೋಡುವವರು ಹಾಗೆ ನೋಡುತ್ತಾರೆ. ನೋಡಿ, ಗೇಟಿನ ಕಡೆ ತಿರುಗಿದರು.

ಅಪ್ಪನ ಮುಖದಲ್ಲಿ ಇನ್ನೂ ಭತ್ತದ ವಾದ ಗೆದ್ದ ಸಂತೋಷವಿತ್ತು. ಈಗ ಬಾಯಿ ತೆರೆದರೆ ಆ ಸಂತೋಷ ಹೋಗುತ್ತದೆ. ಮುನಿರಾಬಾದಿನ ಒಳ್ಳೆಯ ಮನುಷ್ಯರೊಬ್ಬರಿಗೆ ನೋವಾಗುತ್ತದೆ. ಅವ್ವ ಅಳುತ್ತಾಳೆ. ನಾಟಿ ಮಾಡುವವಳ ಮಗನೇ ಎಂದು ನಮ್ಮ ಓಣಿಯಲ್ಲಿ ಮಾತು ಬರುತ್ತದೆ. ತೆರೆಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ನಮ್ಮಿಬ್ಬರಿಗೆ ಬಿಟ್ಟು.

ಬೆಂಚಿನ ತುದಿ ಹಿಡಿದುಕೊಂಡೆ.

"ಅಪ್ಪಾ," ಎಂದೆ. ನನ್ನ ದನಿ ನನಗೇ ಗಟ್ಟಿ ಅನ್ನಿಸಿತು.

ಗೇಟಿನ ಹತ್ತಿರ ಗ್ಲಾಸುಗಳ ಸದ್ದು ನಿಂತಿತು.

"ಏನವ್ವಾ?" ಅಪ್ಪ ತಲೆ ಎತ್ತಿದ. ನಾನು ಗೇಟಿನ ಕಡೆ ಕೈ ಮಾಡಿದೆ.

"ನನ್ನ ಮನಸಿನ್ಯಾಗ ಇವರು ಅದಾರಪಾ."